ಕಲ್ಲಿದ್ದಲ ಊರಿನ ಎಂಬತ್ತನಾಲ್ಕು ಅಂಕ

ಊರಿನ ಜನಸಂಖ್ಯೆ ಸುಮಾರು 32 ಸಾವಿರ. ಅಲ್ಲಿನ ಕ್ರೀಡಾಂಗಣದಲ್ಲಿ ಕೂರಬಹುದಾದವರು 38,223 ಮಂದಿ. ಗಣಿಗಳು ಮುಚ್ಚಿದವು, ಕೆಲಸಗಳು ಹೋದವು, ಕ್ಲಬ್ ಎರಡನೇ ದರ್ಜೆಗೆ ಬಿತ್ತು. ಅದೇ ಕ್ಲಬ್ 2022–23ರಲ್ಲಿ ಮೆಸ್ಸಿ, ಎಂಬಾಪೆ, ನೇಮರ್ ಒಟ್ಟಿಗಿದ್ದ ಪ್ಯಾರಿಸ್ ತಂಡವನ್ನು ಕೊನೆಯ ವಾರಗಳವರೆಗೂ ಬೆನ್ನಟ್ಟಿತು. ಉತ್ತರ ಫ್ರಾನ್ಸಿನ ಲಾನ್ಸ್ ಕ್ಲಬ್ಬಿನ ಆ ಒಂದು ಋತುವಿನ ಕಥೆ ಇದು.

2023ರ ಜನವರಿ 1, ಭಾನುವಾರ ರಾತ್ರಿ. ಹೊಸ ವರ್ಷದ ಮೊದಲ ದಿನ ಊರೆಲ್ಲ ಬೊಲಾರ್ ಕ್ರೀಡಾಂಗಣದಲ್ಲಿದೆ. ಮೊದಲಾರ್ಧ ಮುಗಿದಾಗ ಲಾನ್ಸ್ 2, ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) 1.

ವಿರಾಮ ಮುಗಿದು ಆಟಗಾರರು ಮೈದಾನಕ್ಕಿಳಿಯುತ್ತಿದ್ದಂತೆ ಧ್ವನಿವರ್ಧಕದಲ್ಲಿ ಒಂದು ಹಳೆಯ ಹಾಡು ಶುರುವಾಗುತ್ತದೆ. ಕೆಂಪು ಹಳದಿ ಸ್ಕಾರ್ಫುಗಳು ಎರಡೂ ಕೈಯಲ್ಲಿ ತಲೆಯ ಮೇಲಕ್ಕೇರುತ್ತವೆ. ಅಜ್ಜಂದಿರು, ಮೊಮ್ಮಕ್ಕಳು, ಬಿಯರ್ ಗ್ಲಾಸು ಕೆಳಗಿಟ್ಟ ಹುಡುಗರು ಒಂದೇ ದನಿಯಲ್ಲಿ ಹಾಡುತ್ತಾರೆ. ಹಾಡಿನ ಹೆಸರು ‘ಲೆ ಕೊರೊಂ’. 1982ರಲ್ಲಿ ಪಿಯರ್ ಬಾಷ್ಲೆ ಹಾಡಿದ್ದು. ಗಣಿ ಕಾರ್ಮಿಕರ ಲೈನ್‌ಮನೆಗಳ ಹಾಡು ಅದು. ಗೆಲುವು, ಕಪ್ಪು, ಎದುರಾಳಿ ಯಾವುದರ ಮಾತೂ ಅದರಲ್ಲಿಲ್ಲ.

ಹಾಡಿನ ಬಿಸಿ ಆರುವ ಮೊದಲೇ, 47ನೇ ನಿಮಿಷದಲ್ಲಿ, ಅಲೆಕ್ಸಿಸ್ ಕ್ಲೋಡ್–ಮೊರಿಸ್ ಮೂರನೇ ಗೋಲು ಹೊಡೆದರು. ಪಂದ್ಯ 3–1ಕ್ಕೆ ಮುಗಿಯಿತು. ಆ ಋತುವಿನಲ್ಲಿ ಪಿಎಸ್‌ಜಿಗೆ ಅದು ಮೊದಲ ಸೋಲು.

ಮೆಸ್ಸಿ ವಿಶ್ವಕಪ್ ಗೆದ್ದು ಇನ್ನೂ ಅರ್ಜೆಂಟೀನಾದಲ್ಲೇ ಇದ್ದರು, ನೇಮರ್‌ಗೆ ಅಮಾನತು, ನಿಜ. ಆದರೆ ಎರಡು ವಾರದ ಹಿಂದಷ್ಟೇ ವಿಶ್ವಕಪ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದಿದ್ದ ಎಂಬಾಪೆ ಕಣದಲ್ಲಿದ್ದರು. ಅವರನ್ನು ಲಾನ್ಸ್‌ನ ಮೂವರು ಡಿಫೆಂಡರ್‌ಗಳು ತೊಂಬತ್ತು ನಿಮಿಷ ಉಸಿರಾಡಲು ಬಿಡಲಿಲ್ಲ. ಅಂಕಪಟ್ಟಿಯಲ್ಲಿ ಅಂತರ ನಾಲ್ಕಕ್ಕೆ ಇಳಿಯಿತು.

ಫ್ರಾನ್ಸಿನ ಲೀಗ್ ಎಂದರೆ ಪಿಎಸ್‌ಜಿಯ ಮನೆಯಂಗಳ ಎಂಬ ಮಾತು ನಮ್ಮಲ್ಲಿ ಫುಟ್‌ಬಾಲ್ ನೋಡುವವರ ಬಾಯಲ್ಲೂ ಇದೆ. 2011ರಲ್ಲಿ ಕತಾರ್‌ನ ಹಣ ಬಂದ ಮೇಲೆ ಅಲ್ಲಿ ಬಹುಪಾಲು ಪ್ರಶಸ್ತಿ ಪ್ಯಾರಿಸ್ಸಿಗೇ ಹೋಗಿದೆ. ಆದ್ದರಿಂದಲೇ 2022–23 ನೆನಪಿಡಬೇಕಾದ ವರ್ಷ. ಪಿಎಸ್‌ಜಿಯ ಬಜೆಟ್ಟಿನ ಹತ್ತರಲ್ಲೊಂದು ಪಾಲೂ ಕಷ್ಟಕ್ಕೆ ಮುಟ್ಟದ ಒಂದು ಕ್ಲಬ್, ಸಣ್ಣ ಊರಿನ ಕ್ಲಬ್, ಒಂದೇ ಒಂದು ಅಂಕದಿಂದ ಕಿರೀಟ ಕಳೆದುಕೊಂಡಿತು.

ನೆಲದಡಿಯ ಊರು

ಲಾನ್ಸ್‌ಗೆ ಹೋದವರಿಗೆ ದೂರದಿಂದಲೇ ಕಾಣುವುದು ಎರಡು ಕಪ್ಪು ಬೆಟ್ಟಗಳು. ಅವು ನಿಸರ್ಗದ ಬೆಟ್ಟಗಳಲ್ಲ. ದಶಕಗಟ್ಟಲೆ ನೆಲದಡಿಯಿಂದ ಕಲ್ಲಿದ್ದಲ ಜೊತೆ ಮೇಲೆ ಬಂದ ಕಲ್ಲುಮಣ್ಣಿನ ರಾಶಿ. ಪಕ್ಕದ ಲೋಸ್–ಆಂ–ಗೊಯೆಲ್‌ನಲ್ಲಿರುವ ಈ ಜೋಡಿ ದಿಬ್ಬಗಳ ತುದಿ ಸಮುದ್ರಮಟ್ಟದಿಂದ 186 ಮೀಟರ್ ಎತ್ತರದಲ್ಲಿದೆ. 2012ರಲ್ಲಿ ಯುನೆಸ್ಕೊ ಈ ಗಣಿ ಪ್ರದೇಶವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕ್ಲಬ್ ಹುಟ್ಟಿದ್ದು 1906ರಲ್ಲಿ. ಊರಿನ ಒಂದು ಬಯಲಲ್ಲಿ ಚೆಂಡಾಡುತ್ತಿದ್ದ ಹುಡುಗರು ಕಟ್ಟಿಕೊಂಡ ತಂಡ ಅದು.

ಅದೇ 1906ರ ಮಾರ್ಚ್ 10ರ ಬೆಳಿಗ್ಗೆ, ಲಾನ್ಸ್‌ಗೆ ಅಂಟಿಕೊಂಡಂತಿರುವ ಕೂರಿಯೆರ್ ಕಂಪನಿಯ ಗಣಿಗಳಲ್ಲಿ ಕಲ್ಲಿದ್ದಲ ಪುಡಿ ಹೊತ್ತಿ ಸಿಡಿಯಿತು. ಸತ್ತವರು 1,099 ಮಂದಿ. ಅವರಲ್ಲಿ ಮೀಸೆ ಮೂಡದ ಹುಡುಗರೂ ಇದ್ದರು. ಬದುಕಿದವರು ಯಾರೂ ಇರಲಾರರೆಂದು ಕಂಪನಿ ಬೇಗನೆ ಹುಡುಕಾಟ ನಿಲ್ಲಿಸಿತು. ಇಪ್ಪತ್ತು ದಿನಗಳ ನಂತರ ಹದಿಮೂರು ಜನ ಕತ್ತಲ ಸುರಂಗಗಳಲ್ಲಿ ತಡಕಾಡುತ್ತ ತಾವಾಗಿಯೇ ಮೇಲೆ ಬಂದರು. ಕೆಲ ದಿನ ಕಳೆದು ಇನ್ನೊಬ್ಬ ಸಿಕ್ಕಿದ. ಗಣಿ ಸೀಮೆಯುದ್ದಕ್ಕೂ ಮುಷ್ಕರ ಹಬ್ಬಿತು. ಯುರೋಪಿನ ಅತಿ ಭೀಕರ ಗಣಿ ದುರಂತ ಇಂದಿಗೂ ಅದೇ.

ಮೊದಲ ಮಹಾಯುದ್ಧ ಊರನ್ನು ನೆಲಸಮ ಮಾಡಿತು. ನಾಲ್ಕು ವರ್ಷ ಜರ್ಮನ್ನರ ವಶದಲ್ಲಿದ್ದ ಲಾನ್ಸ್‌ನಲ್ಲಿ ಯುದ್ಧ ಮುಗಿದಾಗ ನಿಂತ ಗೋಡೆಗಳೇ ಅಪರೂಪ. ಗಣಿಗಳಿಗೆ ನೀರು ತುಂಬಿಸಲಾಗಿತ್ತು. ಇದೇ ಸೀಮೆಯ ನವ್ ಶಾಪೆಲ್‌ನಲ್ಲಿ ಭಾರತೀಯ ಸೈನಿಕರ ಸ್ಮಾರಕವೊಂದಿದೆ. ಸಮಾಧಿಯೂ ಸಿಗದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ಅಲ್ಲಿನ ಗೋಡೆಯ ಮೇಲಿವೆ. ಲಾನ್ಸ್‌ಗೆ ಪಂದ್ಯ ನೋಡಲು ಹೋಗುವ ನಮ್ಮವರು ಅರ್ಧ ದಿನ ಅಲ್ಲಿಗೂ ಹೋಗಿಬರಬೇಕು.

ಗಣಿಗಳನ್ನು ಮತ್ತೆ ತೆರೆಯಲು ಕೈಗಳು ಬೇಕಿದ್ದವು. 1919ರ ಒಪ್ಪಂದದ ನಂತರ ಪೋಲೆಂಡಿನಿಂದ ಸಾವಿರ ಸಾವಿರ ಕುಟುಂಬಗಳು ಬಂದವು. ಆಮೇಲೆ ಇಟಲಿಯವರು, ಮತ್ತೆ ಅಲ್ಜೀರಿಯ, ಮೊರಾಕ್ಕೊದವರು. ಕಂಪನಿ ಅವರಿಗೆ ಸಾಲುಮನೆ ಕಟ್ಟಿತು, ಶಾಲೆ ಕಟ್ಟಿತು, ಚರ್ಚು ಕಟ್ಟಿತು. ಕಾರ್ಮಿಕನ ಹುಟ್ಟು, ಓದು, ದುಡಿಮೆ, ಭಾನುವಾರದ ಬಿಡುವು ಎಲ್ಲವೂ ಕಂಪನಿಯ ಕಣ್ಣಳತೆಯಲ್ಲೇ ನಡೆಯಬೇಕು ಎಂಬುದು ಮಾಲೀಕರ ಲೆಕ್ಕ. ಫುಟ್‌ಬಾಲ್ ಆ ಲೆಕ್ಕದೊಳಗೆ ಬಂತು.

ಕ್ರೀಡಾಂಗಣವೂ ಹಾಗೆಯೇ ಎದ್ದದ್ದು. ಲಾನ್ಸ್ ಗಣಿ ಕಂಪನಿಯ ವಾಣಿಜ್ಯ ನಿರ್ದೇಶಕ ಫೆಲಿಕ್ಸ್ ಬೊಲಾರ್ ಹೆಸರಿನದು ಅದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಗಣಿ ಕಾರ್ಮಿಕರೇ ಅದನ್ನು ಕಟ್ಟಿದರು. ಕಂಪನಿಯ ಉದ್ದೇಶ ಏನೇ ಇದ್ದಿರಲಿ, ಕಟ್ಟಿದವರು ತಾವು ಎಂಬುದನ್ನು ಆ ಜನ ಮರೆಯಲಿಲ್ಲ. ಅಲ್ಲಿಂದಾಚೆಗೆ ಆ ಕಟ್ಟಡ ಅವರದ್ದೇ ಆಯಿತು.

1934ರಲ್ಲಿ ಕ್ಲಬ್ ವೃತ್ತಿಪರವಾಯಿತು. ಹಲವು ಆಟಗಾರರು ಗಣಿ ಕಂಪನಿಯ ಸಂಬಳಪಟ್ಟಿಯಲ್ಲಿದ್ದರು. ಪೋಲಿಷ್ ಗಣಿ ಕಾರ್ಮಿಕರ ಮನೆಯ ಹುಡುಗ ಮರಿಯಾನ್ ವಿಸ್ನಿಯೆವ್‌ಸ್ಕಿ ಲಾನ್ಸ್‌ನಿಂದಲೇ 1958ರ ವಿಶ್ವಕಪ್‌ಗೆ ಫ್ರಾನ್ಸ್ ತಂಡದಲ್ಲಿ ಹೋದರು. ಅದೇ ತಂಡದ ತಾರೆ ರೇಮಂಡ್ ಕೊಪಾ ಕೂಡ ಇದೇ ಸೀಮೆಯವರು. ಹತ್ತಿರದ ನೋ–ಲೆ–ಮೀನ್‌ನಲ್ಲಿ ಹದಿನಾಲ್ಕರ ಹರೆಯದಲ್ಲೇ ಗಣಿಗಿಳಿದು, ಅಲ್ಲಿನ ಅಪಘಾತದಲ್ಲಿ ಎಡಗೈ ಬೆರಳು ಕಳೆದುಕೊಂಡವರು. 1958ರ ಬ್ಯಾಲನ್ ಡಿ’ಓರ್ ಅವರಿಗೆ ಬಂತು. ಆದರೆ ಮನೆ ಬಾಗಿಲ ಲಾನ್ಸ್ ಪರವಾಗಿ ಅವರು ಆಡಲೇ ಇಲ್ಲ. ಹಳಬರು ಈಗಲೂ ಹೇಳಿಕೊಳ್ಳುವ ಕೊರಗು ಅದು.

▌ಬಾಕ್ಸ್: ಒಬ್ಬನೇ ಹದಿನಾರು
1942ರ ಡಿಸೆಂಬರ್ 13ರಂದು, ಯುದ್ಧದ ನಡುವೆ, ಫ್ರೆಂಚ್ ಕಪ್ ಪಂದ್ಯದಲ್ಲಿ ಲಾನ್ಸ್ ಒಬಿ–ಆಸ್ತೂರಿ ತಂಡವನ್ನು 32–0ಯಿಂದ ಸೋಲಿಸಿತು. ಅದರಲ್ಲಿ 16 ಗೋಲು ‘ಸ್ಟಾನಿಸ್’ ಎಂದೇ ಹೆಸರಾಗಿದ್ದ ಸ್ಟೆಫಾನ್ ದೆಂಬಿಟ್ಸ್ಕಿ ಒಬ್ಬರದೇ. ಪೋಲಿಷ್ ಮೂಲದ ಗಣಿ ಕುಟುಂಬದವರು.

ಗಣಿ ಮುಚ್ಚಿದ ಮೇಲೆ

1960ರ ದಶಕದಿಂದ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ದಶಕದ ಕೊನೆಗೆ ರಾಷ್ಟ್ರೀಕೃತ ಗಣಿ ಸಂಸ್ಥೆ ಕ್ಲಬ್ಬಿನಿಂದ ಕೈ ಹಿಂದೆಗೆದುಕೊಂಡಿತು. ಕ್ಲಬ್ ವೃತ್ತಿಪರ ಸ್ಥಾನವನ್ನೇ ಬಿಟ್ಟುಕೊಡಬೇಕಾಯಿತು. ಆಗ ಅದಕ್ಕೆ ಹೆಗಲು ಕೊಟ್ಟವರು ಮೇಯರ್ ಆಂದ್ರೆ ದೆಲೆಲಿಸ್. ಊರಿನ ಆಡಳಿತ ಕ್ಲಬ್ಬಿನ ಬೆನ್ನಿಗೆ ನಿಂತಿತು. 2012ರಲ್ಲಿ ಅವರು ತೀರಿಕೊಂಡ ಮೇಲೆ ಕ್ರೀಡಾಂಗಣದ ಹೆಸರು ಬೊಲಾರ್–ದೆಲೆಲಿಸ್ ಆಯಿತು. ಗಣಿ ಮಾಲೀಕನ ಕಡೆಯವನೊಬ್ಬ, ಜನ ಆರಿಸಿದವನೊಬ್ಬ. ಊರಿನ ಚರಿತ್ರೆಯ ಎರಡೂ ಮಗ್ಗುಲು ಅಲ್ಲಿವೆ.

1974ರ ಡಿಸೆಂಬರ್ 27ರಂದು ಪಕ್ಕದ ಲಿಯೆವಾಂನ ಗಣಿಯಲ್ಲಿ 42 ಜನ ಸತ್ತರು. 1990ರ ಡಿಸೆಂಬರ್‌ನಲ್ಲಿ ಓನ್ಯಿ ಎಂಬಲ್ಲಿ ಈ ಸೀಮೆಯ ಕೊನೆಯ ಕಲ್ಲಿದ್ದಲು ಮೇಲೆ ಬಂತು. ಅಲ್ಲಿಗೆ ಮುಗಿಯಿತು. ಎರಡೂವರೆ ಶತಮಾನ ದೇಶದ ಒಲೆ ಉರಿಸಿದ ಊರುಗಳಲ್ಲಿ ನಿರುದ್ಯೋಗ, ಸಿಲಿಕೋಸಿಸ್‌ನಿಂದ ಕೆಮ್ಮುವ ಮುದುಕರು, ಖಾಲಿ ಬಿದ್ದ ಗಣಿಗೋಪುರಗಳು ಉಳಿದವು. ಮತ್ತು ಕ್ಲಬ್ ಉಳಿಯಿತು.

ಒಂದು ಸಲ ಆ ಕ್ಲಬ್ ಫ್ರಾನ್ಸಿನ ಚಾಂಪಿಯನ್ ಕೂಡ ಆಯಿತು. 1998ರ ಮೇ 9ರಂದು, ಕೊನೆಯ ಪಂದ್ಯದಲ್ಲಿ ಓಸೇರ್ ಊರಿನಲ್ಲಿ ಯೊವಾನ್ ಲಾಶೋರ್ ಹೊಡೆದ ಗೋಲಿನಿಂದ 1–1 ಡ್ರಾ. ಮೆಟ್ಸ್ ತಂಡದಷ್ಟೇ 68 ಅಂಕ, ಗೋಲು ವ್ಯತ್ಯಾಸದಲ್ಲಿ ಗೆಲುವು. ಕೋಚ್ ಡೇನಿಯಲ್ ಲೆಕ್ಲೆರ್, ಅಧ್ಯಕ್ಷ ಜೆರ್ವೆ ಮಾರ್ತೆಲ್. ಅದೇ ವರ್ಷ ನವೆಂಬರ್‌ನಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ ಆರ್ಸೆನಲ್ ತಂಡವನ್ನು ವೆಂಬ್ಲಿಯಲ್ಲಿ 1–0ಯಿಂದ ಸೋಲಿಸಿದ್ದೂ ಇದೇ ಲಾನ್ಸ್.

ಆಮೇಲಿನದ್ದು ಇಳಿಜಾರು. 2013ರಲ್ಲಿ ಅಜರ್‌ಬೈಜಾನಿನ ಉದ್ಯಮಿ ಹಾಫಿಜ್ ಮಮ್ಮದೊವ್ ಮಾಲೀಕರಾಗಿ ಬಂದರು. ಭರವಸೆಯ ಹಣ ಬರಲಿಲ್ಲ. 2014ರಲ್ಲಿ ತಂಡ ಮೊದಲ ದರ್ಜೆಗೆ ಬಡ್ತಿ ಗಳಿಸಿದರೂ ಹಣಕಾಸು ಮೇಲ್ವಿಚಾರಕರು ಬಾಗಿಲು ಹಾಕಿದರು. ಬೇಸಿಗೆಯಿಡೀ ಜಗ್ಗಾಟ ನಡೆದು ಕಡೆಗೆ ಅನುಮತಿ ಸಿಕ್ಕಿತಾದರೂ ಹೊಸ ಆಟಗಾರರನ್ನು ಕೊಳ್ಳುವಂತಿರಲಿಲ್ಲ. 2016ರ ಯುರೊ ಟೂರ್ನಿಗಾಗಿ ಬೊಲಾರ್ ದುರಸ್ತಿಯಲ್ಲಿತ್ತು. ತಂಡ ತನ್ನ ‘ತವರಿನ’ ಪಂದ್ಯಗಳಲ್ಲಿ ಹೆಚ್ಚಿನವನ್ನು ಬೇರೆ ಊರಾದ ಅಮಿಯಾಂನಲ್ಲಿ ಆಡಿ, ಪಟ್ಟಿಯ ತಳದಲ್ಲಿ ಉಳಿದು, ಮತ್ತೆ ಕೆಳಗೆ ಬಿತ್ತು.

ಎರಡನೇ ದರ್ಜೆಯಲ್ಲಿ ಐದು ವರ್ಷ. 2017ರಲ್ಲಿ ಕೊನೆಯ ದಿನ, ಬೇರೆಲ್ಲೋ ನಡೆಯುತ್ತಿದ್ದ ಪಂದ್ಯದ ಹೆಚ್ಚುವರಿ ನಿಮಿಷಗಳಲ್ಲಿ ಅಮಿಯಾಂ ತಂಡ ಗೋಲು ಹೊಡೆದು ಮೇಲೇರಿತು. ಲಾನ್ಸ್ ಅಲ್ಲೇ ಉಳಿಯಿತು. 2019ರಲ್ಲಿ ಪ್ಲೇ–ಆಫ್‌ನಲ್ಲಿ ದಿಜೋನ್ ಎದುರು ಸೋಲು. ಈ ವರ್ಷಗಳಲ್ಲಿ ಬೊಲಾರ್‌ಗೆ ಬಂದವರ ಸರಾಸರಿ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು. ಎರಡನೇ ದರ್ಜೆಯ ಪಂದ್ಯ, ಕೊರೆಯುವ ಚಳಿ, ಮಳೆ. ಆದರೂ ಜನ ಬಂದರು. ಮೊದಲ ದರ್ಜೆಯ ಹಲವು ಕ್ಲಬ್‌ಗಳಿಗೆ ಆ ಸಂಖ್ಯೆ ಕನಸು. 2023ರ ಸಾಹಸಕ್ಕೆ ಅಡಿಪಾಯ ಬಿದ್ದದ್ದು ಆ ಸೋಲಿನ ವರ್ಷಗಳಲ್ಲಿ ಎಂದು ನಾನು ನಂಬುತ್ತೇನೆ.

▌ಬಾಕ್ಸ್: ಗಣಿಯ ಮೇಲೆ ಲೂವ್ರ್
ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಶಾಖೆಯೊಂದು ಲಾನ್ಸ್‌ನಲ್ಲಿದೆ, ಮುಚ್ಚಿದ 9ನೇ ಗಣಿಯ ಜಾಗದಲ್ಲಿ. ಉದ್ಘಾಟನೆಯಾದದ್ದು 2012ರ ಡಿಸೆಂಬರ್ 4ರಂದು. ಅದು ಗಣಿ ಕಾರ್ಮಿಕರ ರಕ್ಷಕಿ ಸಂತ ಬಾರ್ಬರಾ ಹಬ್ಬದ ದಿನ. ವಿನ್ಯಾಸ ಜಪಾನಿನ ಸನಾ ಸಂಸ್ಥೆಯದು. ಕ್ರೀಡಾಂಗಣ ಅಲ್ಲಿಂದ ನಡೆದು ಹೋಗುವಷ್ಟೇ ದೂರ.

ಕಿರಿಯರ ಕೋಚ್ ಮೇಲೆ ಬಂದಾಗ

2016ರಲ್ಲಿ ಕ್ಲಬ್ ಹೊಸ ಕೈಗೆ ಬಂತು. ಲಂಡನ್ನಿನ ಆಂಬರ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯ ಸ್ಥಾಪಕ, ಫ್ರಾನ್ಸಿನವರೇ ಆದ ಜೋಸೆಫ್ ಊಗುರ್ಲಿಯಾನ್ ಈಗಿನ ಮಾಲೀಕ. ಹಣಕಾಸು ಜಗತ್ತಿನ ಮನುಷ್ಯ ಕಲ್ಲಿದ್ದಲ ಊರಿಗೆ ಬಂದಾಗ ಅನುಮಾನವಿದ್ದದ್ದು ಸಹಜ. ಆದರೆ ಅವರು ಸಾಲ ತೀರಿಸಿದರು, ಅವಸರದ ತಾರೆಗಳನ್ನು ಕೊಳ್ಳಲಿಲ್ಲ.

2020ರ ಫೆಬ್ರುವರಿ ಕೊನೆಯಲ್ಲಿ, ತಂಡ ಇನ್ನೂ ಎರಡನೇ ದರ್ಜೆಯಲ್ಲಿದ್ದಾಗ, ಕೋಚ್ ಫಿಲಿಪ್ ಮೊಂತಾನಿಯೆ ಅವರನ್ನು ತೆಗೆದು, ಮೀಸಲು ತಂಡ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಏಝ್ ಅವರಿಗೆ ಹೊಣೆ ಕೊಟ್ಟರು. ಕೆಳಗಿನ ದರ್ಜೆಗಳಲ್ಲೇ ಹೆಚ್ಚು ಆಡಿದವರು. ಹೊರಗೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಬೆರಳೆಣಿಕೆಯ ಪಂದ್ಯ ಆಗುವಷ್ಟರಲ್ಲಿ ಕೋವಿಡ್ ಬಂದು ಲೀಗ್ ನಿಂತಿತು. ಆ ಹೊತ್ತಿಗೆ ಲಾನ್ಸ್ ಎರಡನೇ ಸ್ಥಾನದಲ್ಲಿತ್ತು, ಮೂರನೆಯವರಿಗಿಂತ ಒಂದು ಅಂಕ ಮುಂದೆ. ಬಡ್ತಿ ಸಿಕ್ಕಿತು.

ಏಝ್ ಕಟ್ಟಿದ ಆಟ ಸರಳವಾಗಿ ಹೇಳಬೇಕೆಂದರೆ ಹೀಗೆ. ಹಿಂದೆ ಮೂವರು ಡಿಫೆಂಡರ್‌ಗಳು. ಎರಡೂ ಅಂಚಿನಲ್ಲಿ ಮೇಲೂ ಕೆಳಗೂ ಓಡುತ್ತಲೇ ಇರುವ ಇಬ್ಬರು. ನಡುವೆ ಇಬ್ಬರು, ಅವರ ಮುಂದೆ ಇಬ್ಬರು, ತುದಿಯಲ್ಲೊಬ್ಬ ಸ್ಟ್ರೈಕರ್. ಚೆಂಡು ಕಳೆದ ಕ್ಷಣದಲ್ಲೇ ಅದನ್ನು ಎದುರಾಳಿಯ ಅರ್ಧದಲ್ಲೇ ಕಿತ್ತುಕೊಳ್ಳಬೇಕು. ಇದಕ್ಕೆ ಹನ್ನೊಂದೂ ಜನ ಓಡಬೇಕು. ಒಬ್ಬ ನಿಂತರೂ ಬಲೆಯಲ್ಲಿ ತೂತು ಬಿದ್ದಂತೆ. ಮೊದಲೆರಡು ಋತುವಿನಲ್ಲೂ ತಂಡ ಏಳನೇ ಸ್ಥಾನದಲ್ಲಿ ಮುಗಿಸಿತು.

2022ರ ಬೇಸಿಗೆಯಲ್ಲಿ ಇಬ್ಬರು ಮುಖ್ಯ ಆಟಗಾರರು ಹೋದರು. ಶೇಕ್ ದುಕೂರೆ ಇಂಗ್ಲೆಂಡಿಗೆ, ಜೋನಾತನ್ ಕ್ಲೋಸ್ ಮಾರ್ಸೆಗೆ. ಬಂದವರು ಬೆಲ್ಜಿಯಂನ ಸ್ಟ್ರೈಕರ್ ಲೋಯಿಸ್ ಒಪೆಂಡಾ, ಗೋಲ್‌ಕೀಪರ್ ಬ್ರೀಸ್ ಸಾಂಬಾ, ಘಾನಾದ ಮಿಡ್‌ಫೀಲ್ಡರ್ ಸಾಲಿಸ್ ಅಬ್ದುಲ್ ಸಮೇದ್. ಪತ್ರಿಕೆಗಳ ಮುಖಪುಟದ ಹೆಸರುಗಳಲ್ಲ.

ನಾಯಕ ಸೆಕೊ ಫೊಫಾನಾ ಮಾತ್ರ ದೊಡ್ಡ ಕ್ಲಬ್‌ಗಳ ಕಣ್ಣಿಗೆ ಬಿದ್ದಿದ್ದರು. ಐವರಿ ಕೋಸ್ಟ್‌ನ ಈ ಮಿಡ್‌ಫೀಲ್ಡರ್ ಹಿಂದಿನ ಋತುವಿನಲ್ಲಿ ಲೀಗ್‌ನ ಅತ್ಯುತ್ತಮ ಆಫ್ರಿಕನ್ ಆಟಗಾರ ಪ್ರಶಸ್ತಿ ಪಡೆದವರು. ಹೋಗುತ್ತಾರೆಂದು ಊರೆಲ್ಲ ಎಣಿಸಿತ್ತು. ಸೆಪ್ಟೆಂಬರ್‌ನಲ್ಲಿ ಅವರು ಒಪ್ಪಂದ ಮುಂದುವರಿಸಿದರು. ಆ ಋತುವಿನಲ್ಲಿ ಮೈದಾನದ ಹೊರಗೆ ಲಾನ್ಸ್ ಗೆದ್ದ ಮೊದಲ ಪಂದ್ಯ ಅದು.

ಫ್ಲೋರಿಯಾನ್ ಸೊತೊಕಾ ಅವರನ್ನು ವಿಶೇಷವಾಗಿ ಹೇಳಬೇಕು. ವರ್ಷಗಟ್ಟಲೆ ಹವ್ಯಾಸಿ ದರ್ಜೆಗಳಲ್ಲಿ ಆಡಿ, ಮೊದಲ ದರ್ಜೆಯಲ್ಲಿ ನೆಲೆ ಕಂಡಾಗ ಮೂವತ್ತು ಹತ್ತಿರವಾಗಿತ್ತು. 2022ರ ಆಗಸ್ಟ್ 7ರ ಮೊದಲ ಪಂದ್ಯದಲ್ಲೇ, ಬ್ರೆಸ್ಟ್ ಎದುರು, ಅವರು ಹ್ಯಾಟ್ರಿಕ್ ಹೊಡೆದರು. ಇನ್ನೊಂದು ಸಂಗತಿ: ತಂಡದಲ್ಲಿ ಮೂವರು ಪೋಲೆಂಡಿನವರಿದ್ದರು. ಪ್ರೆಮಿಸ್ಲಾವ್ ಫ್ರಾಂಕೋವ್‌ಸ್ಕಿ, ಆಡಂ ಬುಕ್ಸಾ, ಲುಕಾಶ್ ಪೊರೆಂಬಾ. ಪ್ರೇಕ್ಷಕರಲ್ಲಿ ಪೋಲಿಷ್ ಮನೆತನದ ಹೆಸರುಳ್ಳವರು ಸಾವಿರಗಟ್ಟಲೆ. ಪಿಎಸ್‌ಜಿ ವಿರುದ್ಧ ಹೊಸ ವರ್ಷದ ರಾತ್ರಿ ಮೊದಲ ಗೋಲು ಹೊಡೆದವರು ಫ್ರಾಂಕೋವ್‌ಸ್ಕಿಯೇ.

ಬೆನ್ನಟ್ಟಿದ ತಿಂಗಳುಗಳು

ಆಗಸ್ಟ್‌ನಲ್ಲೇ ಮೊನಾಕೊಗೆ ಹೋಗಿ 4–1ರ ಗೆಲುವು. ಅಕ್ಟೋಬರ್‌ನಲ್ಲಿ ನೆರೆಯ ಲೀಲ್ ಎದುರು ಮೊದಲ ಸೋಲು. ಎರಡು ವಾರದಲ್ಲಿ ಮಾರ್ಸೆಯ ಅಬ್ಬರದ ಕ್ರೀಡಾಂಗಣದಲ್ಲಿ 1–0. ವಿಶ್ವಕಪ್‌ಗಾಗಿ ಲೀಗ್ ನಿಂತಾಗ ಲಾನ್ಸ್ ಎರಡನೇ ಸ್ಥಾನದಲ್ಲಿತ್ತು. ಮತ್ತೆ ಶುರುವಾದ ಕೆಲವೇ ದಿನಗಳಲ್ಲಿ ಬಂದದ್ದು ಜನವರಿ 1ರ ಆ ರಾತ್ರಿ.

ಕಿರೀಟ ಜಾರಿದ್ದು ಎಲ್ಲಿ ಎಂದು ಕೇಳಿದರೆ ಬಹಳ ಜನ ಏಪ್ರಿಲ್ ಎನ್ನುತ್ತಾರೆ. ನನ್ನ ಉತ್ತರ ಬೇರೆ. ಜನವರಿ 28ರಿಂದ ಫೆಬ್ರುವರಿ 12ರವರೆಗಿನ ಎರಡು ವಾರ ನೋಡಿ. ತ್ರುವಾ ಜೊತೆ ಡ್ರಾ, ನೀಸ್ ಎದುರು ತವರಲ್ಲಿ ಸೋಲು, ಬ್ರೆಸ್ಟ್ ಜೊತೆ ಡ್ರಾ, ಲಿಯೊನ್‌ನಲ್ಲಿ ಸೋಲು. ನಾಲ್ಕು ಪಂದ್ಯಕ್ಕೆ ಎರಡೇ ಅಂಕ. ಋತುವಿಡೀ ಸೋತದ್ದು ನಾಲ್ಕು ಪಂದ್ಯ. ಅದರಲ್ಲಿ ಎರಡು ಈ ಹದಿನಾರು ದಿನಗಳಲ್ಲಿ.

ಮಾರ್ಚ್ ಮೊದಲ ದಿನ ಫ್ರೆಂಚ್ ಕಪ್‌ನಿಂದಲೂ ತಂಡ ಹೊರಬಿತ್ತು. ಅಲ್ಲಿಂದ ಮತ್ತೆ ಏರಿಕೆ. ಮಾರ್ಚ್ 12ರಂದು ಕ್ಲೆರ್ಮೊಂದಲ್ಲಿ ಒಪೆಂಡಾ ಐದು ನಿಮಿಷದೊಳಗೆ ಮೂರು ಗೋಲು ಹೊಡೆದರು. ಹಿಂದಿನ ಮೂವರಾದ ಜೋನಾತನ್ ಗ್ರಾದಿ, ಕೆವಿನ್ ದಾನ್ಸೊ, ಫಾಕುಂಡೊ ಮೆದಿನಾ ಎದುರಾಳಿಗಳಿಗೆ ಗೋಡೆಯಾದರು. ಅದೇ ತಿಂಗಳು ಸಾಂಬಾಗೆ ಫ್ರಾನ್ಸ್ ರಾಷ್ಟ್ರೀಯ ತಂಡದ ಮೊದಲ ಕರೆ ಬಂತು.

ಏಪ್ರಿಲ್ 15, ಪ್ಯಾರಿಸ್. ಅಂತರ ಆರು ಅಂಕ. ಗೆದ್ದರೆ ಮೂರು. ಮೊದಲ ಹದಿನೈದು ನಿಮಿಷ ಲಾನ್ಸ್‌ನದೇ ಆಟ. 19ನೇ ನಿಮಿಷದಲ್ಲಿ ಅಬ್ದುಲ್ ಸಮೇದ್‌ಗೆ ರೆಡ್ ಕಾರ್ಡ್. ಹತ್ತೇ ಜನ ಉಳಿದ ತಂಡದ ಮೇಲೆ ಎಂಬಾಪೆ, ವಿಟಿನ್ಯಾ, ಮೆಸ್ಸಿ ವಿರಾಮಕ್ಕೆ ಮೊದಲೇ ಮೂರು ಗೋಲು ಹೊಡೆದರು. 3–1. ಅಂತರ ಒಂಬತ್ತು. ಉಳಿದದ್ದು ಏಳು ಪಂದ್ಯ.

ಆ ಏಳನ್ನೂ ಲಾನ್ಸ್ ಗೆದ್ದಿತು.

ಮೊನಾಕೊ 3–0. ತುಲೂಸ್ 1–0. ಮೇ 6ರಂದು ಎರಡನೇ ಸ್ಥಾನಕ್ಕೆ ಪೈಪೋಟಿಯಲ್ಲಿದ್ದ ಮಾರ್ಸೆ ಬೊಲಾರ್‌ಗೆ ಬಂದಾಗ ಫೊಫಾನಾ ಒಂದು, ಒಪೆಂಡಾ ಒಂದು, 2–1. ರೀಮ್ಸ್, ಲೊರಿಯಾಂ ಕೂಡ ಸೋತವು. ಮೇ 27ರಂದು ಅಜಾಕ್ಸಿಯೊ ವಿರುದ್ಧ 3–0. ಅದೇ ಸಂಜೆ ಸ್ಟ್ರಾಸ್‌ಬುರ್ಗ್‌ನಲ್ಲಿ 1–1 ಡ್ರಾ ಮಾಡಿಕೊಂಡ ಪಿಎಸ್‌ಜಿ ಪ್ರಶಸ್ತಿ ಖಚಿತ ಮಾಡಿಕೊಂಡಿತು. ಬೊಲಾರ್‌ನಲ್ಲಿ ಆ ಸಂಜೆ ಸೂತಕವಿರಲಿಲ್ಲ. ಎರಡನೇ ಸ್ಥಾನ, ಚಾಂಪಿಯನ್ಸ್ ಲೀಗ್‌ಗೆ ನೇರ ಪ್ರವೇಶ. ಇಪ್ಪತ್ತೊಂದು ವರ್ಷದ ನಂತರ ಮತ್ತೆ ಆ ವೇದಿಕೆ.

ಜೂನ್ 3ರಂದು ಕೊನೆಯ ಪಂದ್ಯ, 1998ರಲ್ಲಿ ಕಿರೀಟ ತೊಟ್ಟ ಅದೇ ಓಸೇರ್‌ನಲ್ಲಿ. 3–1ರ ಗೆಲುವು. ಪ್ಯಾರಿಸ್‌ನಲ್ಲಿ ಮೆಸ್ಸಿಯ ವಿದಾಯದ ಪಂದ್ಯದಲ್ಲಿ ಪಿಎಸ್‌ಜಿ ಕ್ಲೆರ್ಮೊಂ ಎದುರು 2–3ರಿಂದ ಸೋತಿತು. ಪಟ್ಟಿ ಮುಗಿದಾಗ ಪಿಎಸ್‌ಜಿ 85, ಲಾನ್ಸ್ 84.

38 ಪಂದ್ಯಗಳಲ್ಲಿ 25 ಗೆಲುವು, 9 ಡ್ರಾ, 4 ಸೋಲು. ಬಿಟ್ಟುಕೊಟ್ಟ ಗೋಲು 29, ಲೀಗ್‌ನಲ್ಲೇ ಅತಿ ಕಡಿಮೆ. ತವರಿನ 19 ಪಂದ್ಯಗಳಲ್ಲಿ 17 ಗೆಲುವು. ಒಪೆಂಡಾ 21 ಗೋಲು. ವೃತ್ತಿಪರ ಆಟಗಾರರ ಸಂಘದ ವರ್ಷದ ಕೋಚ್ ಪ್ರಶಸ್ತಿ ಏಝ್‌ಗೆ, ವರ್ಷದ ಗೋಲ್‌ಕೀಪರ್ ಪ್ರಶಸ್ತಿ ಸಾಂಬಾಗೆ.

▌ಬಾಕ್ಸ್: ಲೆಕ್ಕ ಕೇಳುವ ಸಮಿತಿ
ಫ್ರಾನ್ಸಿನ ವೃತ್ತಿಪರ ಕ್ಲಬ್‌ಗಳೆಲ್ಲ ಪ್ರತಿ ಬೇಸಿಗೆಯಲ್ಲಿ ‘ಡಿಎನ್‌ಸಿಜಿ’ ಎಂಬ ಹಣಕಾಸು ಸಮಿತಿಯ ಮುಂದೆ ಲೆಕ್ಕಪತ್ರ ಇಡಬೇಕು. ಮುಂದಿನ ವರ್ಷದ ಖರ್ಚಿಗೆ ಹಣವಿದೆ ಎಂದು ತೋರಿಸಲಾಗದಿದ್ದರೆ ಆಟಗಾರರ ಖರೀದಿಗೆ ತಡೆ, ಸಂಬಳಕ್ಕೆ ಮಿತಿ, ಕೆಳದರ್ಜೆಗೆ ತಳ್ಳುವ ಶಿಕ್ಷೆ ಬರಬಹುದು. 2014ರಲ್ಲಿ ಲಾನ್ಸ್‌ನ ಬಡ್ತಿಗೆ ಅಡ್ಡ ಬಂದದ್ದು ಇದೇ ಸಮಿತಿ.

ಗೆದ್ದ ತಂಡ ಚದುರುವುದು

ಮೈದಾನದ ಹೊರಗಿನ ಕಥೆ ಇಷ್ಟು ಸಂತೋಷದ್ದಲ್ಲ.

ಫ್ರಾನ್ಸಿನ ಕ್ಲಬ್‌ಗಳ ಬೊಕ್ಕಸ ಟಿವಿ ಹಣದ ಮೇಲೆ ನಿಂತಿದೆ. ವರ್ಷಕ್ಕೆ 80 ಕೋಟಿ ಯೂರೊಗೂ ಹೆಚ್ಚು ಕೊಡುತ್ತೇವೆಂದು ಬಂದಿದ್ದ ಮೀಡಿಯಾಪ್ರೊ ಸಂಸ್ಥೆಯ ಒಪ್ಪಂದ 2020ರ ಕೊನೆಯಲ್ಲಿ ಮುರಿದುಬಿತ್ತು. ಲಾನ್ಸ್ ಮೊದಲ ದರ್ಜೆಗೆ ಮರಳಿದ ಋತುವೇ ಅದು. ಕೋವಿಡ್‌ನಿಂದ ಆಸನಗಳೂ ಖಾಲಿ. ಅಂದಿನಿಂದ ಅಲ್ಲಿನ ಮಧ್ಯಮ ಕ್ಲಬ್‌ಗಳಿಗೆ ಒಂದೇ ದಾರಿ ಉಳಿದಿದೆ: ಕಡಿಮೆ ಬೆಲೆಗೆ ಕೊಂಡು, ಬೆಳೆಸಿ, ಹೆಚ್ಚಿನ ಬೆಲೆಗೆ ಮಾರುವುದು. ಊರಿನ ಅಂಚಿನ ‘ಲಾ ಗಾಯೆಟ್’ ತರಬೇತಿ ಕೇಂದ್ರದಿಂದ ಬಂದ ರಫಾಯೆಲ್ ವರಾನ್ 2011ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು, 2018ರಲ್ಲಿ ವಿಶ್ವಕಪ್ ಗೆದ್ದರು. ಲಾನ್ಸ್‌ಗೆ ಉಳಿದದ್ದು ಹೆಮ್ಮೆ ಮತ್ತು ಒಂದು ಚೆಕ್ಕು.

84 ಅಂಕದ ತಂಡಕ್ಕೂ ಅದೇ ಆಯಿತು. ಋತು ಮುಗಿದ ಕೆಲವೇ ವಾರಗಳಲ್ಲಿ ಒಪೆಂಡಾ ಜರ್ಮನಿಯ ಲೈಪ್‌ಝಿಗ್‌ಗೆ ಹೋದರು. ಬೆಲೆ ಕೊಂಡದ್ದಕ್ಕಿಂತ ಹಲವು ಪಟ್ಟು. ಫೊಫಾನಾ ಸೌದಿಯ ಅಲ್ ನಸ್ರ್ ಸೇರಿದರು. ಎರಡನೇ ಸ್ಥಾನ ಗಳಿಸಿದ ತಂಡ, ಅದನ್ನು ಗಳಿಸಿಕೊಟ್ಟ ಇಬ್ಬರನ್ನು ಕಳೆದುಕೊಂಡು ಚಾಂಪಿಯನ್ಸ್ ಲೀಗ್‌ಗೆ ಇಳಿಯಿತು. ಇದನ್ನು ಮಾರುಕಟ್ಟೆಯ ನಿಯಮ ಎಂದು ಒಪ್ಪಿ ಸುಮ್ಮನಾಗುವುದು ನನ್ನಿಂದಾಗದು. ಯುರೋಪಿನ ಫುಟ್‌ಬಾಲ್ ಹಣವನ್ನು ಹಂಚುವ ಬಗೆಯಲ್ಲೇ ಅನ್ಯಾಯವಿದೆ. ಮೇಲಿನವರು ಪ್ರತಿ ವರ್ಷ ಪ್ರಶಸ್ತಿಗಷ್ಟೇ ಅಲ್ಲ, ಕೆಳಗಿನವರ ಶ್ರಮಕ್ಕೂ ಹಕ್ಕುದಾರರಾಗುತ್ತಾರೆ.

ಆದರೂ ಒಂದು ರಾತ್ರಿಯನ್ನು ಯಾರೂ ಮಾರಲಾಗಲಿಲ್ಲ. 2023ರ ಅಕ್ಟೋಬರ್ 3. ಬೊಲಾರ್‌ಗೆ ಆರ್ಸೆನಲ್ ಬಂದಿತ್ತು. 14ನೇ ನಿಮಿಷದಲ್ಲಿ ಗೇಬ್ರಿಯಲ್ ಜೀಸಸ್ ಗೋಲು ಹೊಡೆದು ಇಂಗ್ಲಿಷ್ ತಂಡಕ್ಕೆ ಮುನ್ನಡೆ ಕೊಟ್ಟರು. ಆಡ್ರಿಯನ್ ಥೊಮಾಸೊಂ 25ನೇ ನಿಮಿಷದಲ್ಲಿ ಸರಿಗಟ್ಟಿದರು. 69ನೇ ನಿಮಿಷದಲ್ಲಿ ಅಂಚಿನಿಂದ ಬಂದ ಚೆಂಡನ್ನು ಹೊಸ ಸ್ಟ್ರೈಕರ್ ಎಲಿ ವಾಹಿ ಒಂದೇ ಒದೆತಕ್ಕೆ ಬಲೆಗೆ ಸೇರಿಸಿದರು. 2–1. ತಿರುಗು ಪಂದ್ಯದಲ್ಲಿ ಲಂಡನ್ನಿನಲ್ಲಿ ಲಾನ್ಸ್ 0–6ರಿಂದ ಸೋತಿತು ಎಂಬುದನ್ನೂ ಹೇಳಲೇಬೇಕು. ಗುಂಪಿನಲ್ಲಿ ಮೂರನೇ ಸ್ಥಾನ.

2024ರ ಬೇಸಿಗೆಯಲ್ಲಿ ಏಝ್ ಕೂಡ ನೀಸ್‌ಗೆ ಹೊರಟರು. ಆಟಗಾರರು ಹೋದರು, ಕೋಚ್ ಹೋದರು. ಬೊಲಾರ್‌ನ ಆಸನಗಳು ಖಾಲಿಯಾಗಲಿಲ್ಲ.

ಎರಡನೇ ಸ್ಥಾನದವರ ಹೆಸರು ಕಪ್ಪಿನ ಮೇಲೆ ಕೆತ್ತುವುದಿಲ್ಲ. ಆದರೆ ಇಪ್ಪತ್ತು ತಂಡ, 38 ಪಂದ್ಯದ ಅದೇ ಲೀಗ್‌ನ ಹಳೆಯ ಪಟ್ಟಿಗಳನ್ನು ತೆರೆದು ನೋಡಿ. 2012ರಲ್ಲಿ ಮೊಂಪೆಲಿಯೆ ಚಾಂಪಿಯನ್ ಆದದ್ದು 82 ಅಂಕಕ್ಕೆ. 2021ರಲ್ಲಿ ಲೀಲ್ 83ಕ್ಕೆ. 2013ರಲ್ಲೂ 2015ರಲ್ಲೂ ಪಿಎಸ್‌ಜಿಯೇ ಗೆದ್ದಿತು, ಎರಡು ಸಲವೂ 83 ಅಂಕಕ್ಕೆ.